ಘಮ ಬೇರೆ, ಗುಣ ಬೇರೆ

ಘಮ ಇದ್ದಲ್ಲಿ ಔಷಧಿ ಇದೆ ಎಂಬ ನಂಬಿಕೆ ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಬಹಳ ಗಟ್ಟಿ. ತುಳಸಿ, ಕಾಮಕಸ್ತೂರಿ, ಮರುಗ, ದವನ ಯಾವುದೇ ಇರಲಿ, ಎಲೆಯನ್ನು ಬೆರಳಲ್ಲಿ ಹಿಸುಕಿ ಮೂಗಿಗೆ ಹಿಡಿಯುತ್ತೇವೆ. ಗಮ್ಮೆಂದರೆ ಸತ್ವ ಇದೆ, ಇಲ್ಲದಿದ್ದರೆ ಇಲ್ಲ. ಈ ಹಳೆಯ ನಂಬಿಕೆಗೆ ಈಚೆಗೆ ಹೊಸದೊಂದು ಜೊತೆಯಾಗಿದೆ. ತುಳಸಿ ಪುಡಿಯ ಪೊಟ್ಟಣ, ಕಷಾಯದ ಡಬ್ಬಿ, ಗಿಡಮೂಲಿಕೆ ಚಹಾ ಯಾವುದನ್ನು ಕೈಗೆತ್ತಿಕೊಂಡರೂ ಅದರ ಮೇಲೆ 'ಫ್ಲೇವನಾಯ್ಡ್ ಸಮೃದ್ಧ' ಎಂದು ಅಚ್ಚಾಗಿರುತ್ತದೆ. ಎರಡೂ ನಂಬಿಕೆ ಕೂಡಿಕೊಂಡು ಒಂದು ತರ್ಕ ತಯಾರಾಗಿದೆ: ಘಮ ಹೆಚ್ಚಿದ್ದರೆ ಫ್ಲೇವನಾಯ್ಡ್ ಹೆಚ್ಚು, ಫ್ಲೇವನಾಯ್ಡ್ ಹೆಚ್ಚಿದ್ದರೆ ಆರೋಗ್ಯಕ್ಕೆ ಒಳ್ಳೆಯದು, ನಮ್ಮಂಥ ಬಿಸಿಲ ನಾಡಿನ ಎಲೆಯಾದರೆ ಇನ್ನೂ ಒಳ್ಳೆಯದು.

ಇದನ್ನು ಹೇಳುವವರಲ್ಲಿ ನಾನು ಗೌರವಿಸುವ ಹಿರಿಯರಿದ್ದಾರೆ, ಮೂಲಿಕೆ ಬೆಳೆದು ಬದುಕು ಕಟ್ಟಿಕೊಳ್ಳಲು ಹೊರಟ ರೈತರಿದ್ದಾರೆ, ಮಹಿಳಾ ಸಂಘಗಳಿವೆ. ಅವರ ಶ್ರಮಕ್ಕೆ ಕಲ್ಲು ಹಾಕುವುದು ನನ್ನ ಉದ್ದೇಶವಲ್ಲ. ಆದರೆ ಈ ತರ್ಕದ ಒಂದು ಕೊಂಡಿಯೂ ಭಾರ ತಡೆಯುವುದಿಲ್ಲ ಎಂದು ನನಗೆ ಖಚಿತವಾಗಿ ಅನಿಸುತ್ತದೆ. ಏಕೆ ತಡೆಯುವುದಿಲ್ಲ ಎಂಬುದು ಗಿಡದೊಳಗಿನ ಕಿಣ್ವಗಳ ಕೆಲಸವನ್ನು ನೋಡಿದರೆ ತಿಳಿಯುತ್ತದೆ. ಆ ಕೆಲಸ ಈ ಘೋಷಣೆಗಳಿಗಿಂತ ಎಷ್ಟೋ ಸೊಗಸಾಗಿದೆ.

ಮೊದಲು ಎಲೆಯನ್ನೇ ನೋಡೋಣ. ಕಾಮಕಸ್ತೂರಿಯ ಎಳೆ ಎಲೆಯೊಂದನ್ನು ಮಗುಚಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದ ಕೆಳಗೆ ಹಿಡಿದರೆ ನರಗಳ ನಡುವೆ ಹೊಳೆಯುವ ಚುಕ್ಕೆಗಳು ಕಾಣುತ್ತವೆ. ಒಂದೊಂದೂ ಒಂದು ಗ್ರಂಥಿ. ಅದರ ತಲೆಯಲ್ಲಿ ನಾಲ್ಕು ಕೋಶಗಳಿರುತ್ತವೆ; ಪುದೀನದಲ್ಲಾದರೆ ಎಂಟು. ಕೋಶಗಳ ಮೇಲೆ ತೆಳ್ಳನೆಯ ಪೊರೆ, ಪೊರೆಗೂ ಕೋಶಕ್ಕೂ ನಡುವೆ ಒಂದು ಸಂದು, ಆ ಸಂದಿನಲ್ಲಿ ಎಣ್ಣೆ. ಹಿಸುಕಿದಾಗ ಒಡೆಯುವುದು ಈ ಪೊರೆ. ಎಲೆ ಬಲಿತು ಅಗಲವಾದಂತೆ ಚುಕ್ಕೆಗಳು ದೂರ ದೂರ ಸರಿಯುತ್ತವೆ, ಎಳೆಯದರಲ್ಲಿ ಒತ್ತೊತ್ತಾಗಿರುತ್ತವೆ. ಬಲಿತ ಎಲೆ ಬಿಟ್ಟು ಕುಡಿಯನ್ನೇ ಚಿವುಟಿ ತರುವ ನಮ್ಮ ಅಜ್ಜಿಯಂದಿರ ರೂಢಿಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಇಷ್ಟು ಪುಟ್ಟ ಗ್ರಂಥಿಯಲ್ಲಿ ತಯಾರಾಗುವುದು ಒಂದೇ ಸರಕಲ್ಲ. ಒಂದು, ಗಾಳಿಗೆ ಹಾರುವ ಎಣ್ಣೆ. ಮೂಗಿಗೆ ತಲುಪುವುದು ಇದು. ಇನ್ನೊಂದು, ಫ್ಲೇವನಾಯ್ಡ್ ಕುಲಕ್ಕೆ ಸೇರಿದ ಫ್ಲೇವೋನ್ ಎಂಬ ಪದಾರ್ಥಗಳು. ಇವು ಹಾರುವುದಿಲ್ಲ, ಹಾರದ್ದಕ್ಕೆ ವಾಸನೆಯೂ ಇಲ್ಲ. ಎಲೆಯಲ್ಲಿ ಇವು ತುಂಬಿದ್ದರೂ ಮೂಗಿಗೆ ಅಷ್ಟೆ, ಒಂದಿಷ್ಟೂ ಇಲ್ಲದಿದ್ದರೂ ಅಷ್ಟೆ. ಘಮ ನೋಡಿ ಫ್ಲೇವನಾಯ್ಡ್ ಅಳೆಯುವ ಮಾತು ಇಲ್ಲಿಗೇ ನಿಲ್ಲಬೇಕು.

ಎರಡರ ಮೂಲವೂ ಒಂದೇ ಅಲ್ಲವೇ ಎಂದು ಬಲ್ಲವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ತುಳಸಿಗೆ ಲವಂಗದ ಘಮ ಕೊಡುವ ಯೂಜೆನಾಲ್ ಮತ್ತು ಫ್ಲೇವೋನ್‌ಗಳು ಎರಡೂ ಫಿನೈಲ್‌ಅಲನೀನ್ ಎಂಬ ಒಂದೇ ಅಮೈನೋ ಆಮ್ಲದಿಂದ ಹೊರಡುತ್ತವೆ. ಆರಂಭದ ಮೂರು ಹೆಜ್ಜೆ ಒಟ್ಟಿಗೇ ನಡೆಯುತ್ತವೆ. ಆಮೇಲೆ ದಾರಿ ಕವಲೊಡೆಯುತ್ತದೆ. ಒಂದು ಕವಲು ಯೂಜೆನಾಲ್ ಕಡೆಗೆ. ಇನ್ನೊಂದು ಕವಲಿನ ಬಾಗಿಲಲ್ಲಿ ಚಾಲ್ಕೋನ್ ಸಿಂಥೇಸ್ ಎಂಬ ಕಿಣ್ವ ನಿಂತಿದೆ. ಅದು ಬಂದ ಅಣುವಿಗೆ ಮೂರು ಸಲ ಎರಡೆರಡು ಇಂಗಾಲ ಜೋಡಿಸಿ, ಹದಿನೈದು ಇಂಗಾಲಗಳ ಒಂದು ಚೌಕಟ್ಟು ಕಟ್ಟಿಕೊಡುತ್ತದೆ. ಜಗತ್ತಿನಲ್ಲಿ ಗುರುತಿಸಲಾದ 8,000ಕ್ಕೂ ಹೆಚ್ಚು ಫ್ಲೇವನಾಯ್ಡ್‌ಗಳಿಗೆ ಇದೇ ಚೌಕಟ್ಟು. ಇನ್ನೆರಡು ಹೆಜ್ಜೆ ಮುಂದೆ ಹೋದರೆ ಎಪಿಜೆನಿನ್ ಎಂಬ ಸರಳ ಫ್ಲೇವೋನ್ ಸಿಗುತ್ತದೆ. ಯಾವ ಕವಲಿಗೆ ಎಷ್ಟು ಸರಕು ಹರಿಯಬೇಕೆಂದು ತೀರ್ಮಾನಿಸುವುದು ಆ ಗಿಡದಲ್ಲಿ ಯಾವ ಕಿಣ್ವ ಎಷ್ಟಿದೆ ಎಂಬುದು. ಮೂಲ ಒಂದೇ ಆದ ಮಾತ್ರಕ್ಕೆ ಘಮವೂ ಫ್ಲೇವೋನೂ ಕೈಹಿಡಿದು ಏರಬೇಕೆಂದಿಲ್ಲ. ಒಂದೇ ಸರಕಿಗೆ ಎರಡು ಕವಲೂ ಕೈಚಾಚಿರುವಾಗ ಒಂದು ಏರಿದರೆ ಇನ್ನೊಂದು ಇಳಿಯಲೂಬಹುದು.

ಎಪಿಜೆನಿನ್ ತಯಾರಾದ ಮೇಲೆ ಗಿಡ ಸುಮ್ಮನಿರುವುದಿಲ್ಲ. ಅಲ್ಲಿಂದಾಚೆಗೆ ನಡೆಯುವುದನ್ನು ಕಾಮಕಸ್ತೂರಿಯಲ್ಲಿ ಎಳೆ ಎಳೆಯಾಗಿ ಬಿಡಿಸಿದವರು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಅನ್ನಾ ಬೆರಿಮ್ ಮತ್ತು ಡೇವಿಡ್ ಗ್ಯಾಂಗ್. 2012ರಿಂದ 2014ರವರೆಗೆ ಬಂದ ಅವರ ಮೂರು ಪ್ರಬಂಧಗಳನ್ನು ಓದಿದಾಗ ನಮ್ಮ ತುಳಸಿಕಟ್ಟೆಯ ನೆಂಟಗಿಡವೊಂದರ ಜಾಣ್ಮೆಗೆ ಬೆರಗಾಗದೆ ಇರಲು ನನಗೆ ಸಾಧ್ಯವಾಗಲಿಲ್ಲ.

ಎಪಿಜೆನಿನ್ ಅಣುವಿನ ಇಂಗಾಲಗಳಿಗೆ ಕ್ರಮಸಂಖ್ಯೆ ಇದೆ. ಆರನೆಯ ಜಾಗದಲ್ಲಿ ಆಮ್ಲಜನಕ ಕೂರಿಸುವುದು ಒಂದು ಕಿಣ್ವ, ಎಂಟನೆಯದರಲ್ಲಿ ಕೂರಿಸುವುದು ಇನ್ನೊಂದು. ಹಾಗೆ ಕೂತ ಆಮ್ಲಜನಕದ ತುದಿಯಲ್ಲಿರುವ ಜಲಜನಕವನ್ನು ತೆಗೆದು ಆ ಜಾಗಕ್ಕೆ ಮೀಥೈಲ್ ಗುಂಪೊಂದನ್ನು ಅಂಟಿಸುವ ಕಿಣ್ವಗಳು ಬೇರೆ. ಈ ಕಿಣ್ವಗಳು ಎಲ್ಲೆಂದರಲ್ಲಿ ಅಂಟಿಸುವುದಿಲ್ಲ. ಆರನೆಯ ಜಾಗಕ್ಕೆ ಅಂಟಿಸುವಂಥದ್ದು ಆರನೆಯದಕ್ಕೇ. ಆಚೆ ತುದಿಯ ಉಂಗುರದ ನಾಲ್ಕನೆಯ ಜಾಗಕ್ಕೆ ಅಂಟಿಸುವಂಥದ್ದು ಅಲ್ಲಿಗೇ. ಸೋಜಿಗವೆಂದರೆ, ಇವೆರಡು ಕಿಣ್ವಗಳ ರಚನೆ ನೂರಕ್ಕೆ ಸುಮಾರು ತೊಂಬತ್ತರಷ್ಟು ಒಂದೇ. ಬೆರಳೆಣಿಕೆಯ ಅಮೈನೋ ಆಮ್ಲಗಳನ್ನು ಅದಲುಬದಲು ಮಾಡಿ ನೋಡಿದಾಗ ಕಿಣ್ವವು ಅಣುವಿನ ಒಂದು ತುದಿ ಬಿಟ್ಟು ಇನ್ನೊಂದು ತುದಿಯಲ್ಲಿ ಕೆಲಸಕ್ಕೆ ನಿಂತಿತು. ಘಮದ ಕಥೆಯೂ ಇದೇ. ಗ್ಯಾಂಗ್ ಅದಕ್ಕೆ ಮೊದಲು ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದಾಗ, 2002ರಲ್ಲಿ, ಕಾಮಕಸ್ತೂರಿಯ ಘಮ ತಯಾರಿಸುವ ಇಂಥದೇ ಎರಡು ಕಿಣ್ವಗಳನ್ನು ಹೋಲಿಸಿದ್ದರು. ಅಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಕಿಣ್ವ ಕೈಗೆತ್ತಿಕೊಳ್ಳುವ ಸರಕೇ ಬೇರೆಯಾಗುತ್ತಿತ್ತು.

ಇನ್ನೊಂದು ಸಂಗತಿಯನ್ನು ಸ್ವಲ್ಪ ನಿಂತು ನೋಡಬೇಕು. ಕಾಮಕಸ್ತೂರಿಯ ಮುಖ್ಯ ಫ್ಲೇವೋನ್‌ಗಳಲ್ಲಿ ಒಂದಾದ ನೆವಡೆನ್ಸಿನ್‌ನಲ್ಲಿ ಏಳನೆಯ ಜಾಗ ಖಾಲಿ, ಅಲ್ಲಿ ಮೀಥೈಲ್ ಇಲ್ಲ. ಹಾಗಿದ್ದರೆ ಗಿಡ ಅಲ್ಲಿಗೆ ಮೀಥೈಲ್ ಹಾಕಲೇ ಇಲ್ಲ ಎಂದು ತಾನೆ ಯಾರಾದರೂ ತಿಳಿಯುವುದು? ಆದರೆ ಗಿಡ ಮೊದಲು ಅಲ್ಲಿ ಮೀಥೈಲ್ ಹಾಕುತ್ತದೆ. ಆರನೆಯ ಜಾಗದಲ್ಲಿ ಆಮ್ಲಜನಕ ಕೂರಿಸುವ ಕಿಣ್ವಕ್ಕೆ ಏಳರಲ್ಲಿ ಮೀಥೈಲ್ ಇದ್ದ ಅಣುವೇ ಬೇಕು, ಇಲ್ಲದ್ದನ್ನು ಅದು ಮುಟ್ಟುವುದಿಲ್ಲ. ಉಳಿದ ಕೆಲಸವೆಲ್ಲ ಮುಗಿದ ಮೇಲೆ ಇನ್ನೊಂದು ಕಿಣ್ವ ಬಂದು ಏಳರ ಮೀಥೈಲನ್ನು ಕಿತ್ತು ತೆಗೆಯುತ್ತದೆ. ಆರ್‌ಸಿಸಿ ಹಾಕುವಾಗ ಸೆಂಟ್ರಿಂಗ್ ಹಲಗೆ ಕಟ್ಟಿ, ಕಾಂಕ್ರೀಟು ಗಟ್ಟಿಯಾದ ಮೇಲೆ ಬಿಚ್ಚುತ್ತಾರಲ್ಲ, ಹಾಗೆ. ನಿಂತ ಮನೆಯನ್ನು ಮಾತ್ರ ನೋಡಿದವನಿಗೆ ಹಲಗೆ ಇತ್ತೆಂಬುದೇ ಗೊತ್ತಾಗುವುದಿಲ್ಲ.

ಎಂಟನೆಯ ಜಾಗದ ಕಿಣ್ವ ಇನ್ನೂ ಅಚ್ಚರಿಯದು. ಫ್ಲೇವನಾಯ್ಡ್‌ಗಳಿಗೆ ಆಮ್ಲಜನಕ ಸೇರಿಸುವ ಕೆಲಸಕ್ಕೆ ಹೆಸರಾದ ಕಿಣ್ವಕುಲಗಳು ಬೇರೆಯೇ ಇವೆ. ಇದು ಅವುಗಳಿಗೆ ಸೇರಿದ್ದಲ್ಲ. ಎಲೆ ಹಣ್ಣಾಗುವಾಗ ಹಸಿರು ಬಣ್ಣದ ಪತ್ರಹರಿತ್ತನ್ನು ಒಡೆದು ಹಾಕುವ ಕಿಣ್ವವೊಂದಿದೆ, ಸಸ್ಯಲೋಕದಷ್ಟೇ ಹಳೆಯದು. ಕಾಮಕಸ್ತೂರಿ ಆ ಕುಲದ ಒಂದು ಕಿಣ್ವವನ್ನು ಎತ್ತಿಕೊಂಡು ಫ್ಲೇವೋನ್ ಕಟ್ಟುವ ಕೆಲಸಕ್ಕೆ ಹಚ್ಚಿದೆ. ಒಡೆಯುವ ಮನೆತನದಲ್ಲಿ ಹುಟ್ಟಿದ್ದು ಕಟ್ಟುವ ಕಸುಬಿಗೆ ಇಳಿದಿದೆ.

ಇಷ್ಟು ವಿವರ ಏಕೆ ಹೇಳಿದೆನೆಂದರೆ, ಒಂದು ಗಿಡದಲ್ಲಿ ಯಾವ ಫ್ಲೇವನಾಯ್ಡ್ ಇದೆ ಎಂಬುದು ಇಂಥ ಸಣ್ಣ ಸಣ್ಣ ಸಂಗತಿಗಳ ಮೇಲೆ ನಿಂತಿದೆ. ಒಂದು ಕಿಣ್ವ ಇದ್ದರೆ ಒಂದು ಸಾಲು ಪದಾರ್ಥಗಳು, ಅದು ಇಲ್ಲದಿದ್ದರೆ ಬೇರೆಯೇ ಸಾಲು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ರೆನೆ ಗ್ರೇಯರ್ ಮತ್ತು ಸಂಗಡಿಗರು ತುಳಸಿ ಕುಲದ ಬೇರೆ ಬೇರೆ ಪ್ರಭೇದಗಳ ಎಲೆಗಳನ್ನು ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂಟನೆಯ ಜಾಗದಲ್ಲಿ ಆಮ್ಲಜನಕ ಇರುವ ಫ್ಲೇವೋನ್‌ಗಳು ಕೆಲವು ಪ್ರಭೇದಗಳಲ್ಲಿದ್ದವು, ಕೆಲವದರಲ್ಲಿರಲಿಲ್ಲ. ನಮ್ಮ ಹೊಲದ ಬದುವಿನಲ್ಲಿ ತಾನಾಗಿ ಏಳುವ ನಾಯಿತುಳಸಿ, ಅಂಗಳದ ಕೃಷ್ಣತುಳಸಿ, ಶರಬತ್ತಿಗೆ ಬೀಜ ಕೊಡುವ ಕಾಮಕಸ್ತೂರಿ ಮೂರೂ ಒಂದೇ ಕುಲದವು. ಮೂರನ್ನೂ ಒಂದೇ ಚೀಟಿಯಡಿ 'ಫ್ಲೇವನಾಯ್ಡ್ ಸಮೃದ್ಧ' ಎಂದರೆ ಕೇಳಿದವರಿಗೆ ಏನೂ ತಿಳಿದಂತಾಗಲಿಲ್ಲ. ಕೃಷ್ಣತುಳಸಿಯ ಕಪ್ಪುಛಾಯೆ ಕೊಡುವ ಆಂಥೋಸಯನಿನ್ ಕೂಡ ಫ್ಲೇವನಾಯ್ಡೇ. ದಾಳಿಂಬೆ ಕಾಳಿನ ಕೆಂಪೂ ಫ್ಲೇವನಾಯ್ಡೇ.

ಗಿಡಕ್ಕೆ ಈ ಮೀಥೈಲ್ ಏಕೆ ಬೇಕು? ಒಂದು ಪರಿಣಾಮವಂತೂ ಸ್ಪಷ್ಟ. ಮೀಥೈಲ್ ಅಂಟಿದಂತೆಲ್ಲ ಫ್ಲೇವೋನ್ ನೀರಿನ ನಂಟು ಬಿಟ್ಟು ಎಣ್ಣೆಯ ನಂಟು ಬೆಳೆಸುತ್ತದೆ. ಸಕ್ಕರೆ ಅಂಟಿದ ಫ್ಲೇವನಾಯ್ಡ್ ಕೋಶದೊಳಗಿನ ನೀರಿನಲ್ಲಿ ಕರಗಿ ಉಳಿದರೆ, ಮೀಥೈಲ್ ಅಂಟಿದ್ದು ಎಲೆಯ ಮೇಲ್ಮೈಗೆ ಬಂದು ನಿಲ್ಲುತ್ತದೆ. ಇದನ್ನು ನೋಡಲು ನಮ್ಮವರು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಜೋಗಿಮಟ್ಟಿಯ ಕಡೆಗೋ ಹಿರಿಯೂರು, ಹೊಸದುರ್ಗದ ಕುರುಚಲು ಗುಡ್ಡಗಳಿಗೋ ಹೋದರೆ ಬಂದರೆ ಗಿಡ ಸಿಗುತ್ತದೆ. ಹಂಗರಿಕೆ ಎಂದೂ ಕರೆಯುತ್ತಾರೆ. ಬಿಸಿಲಿಗೆ ಅದರ ಎಲೆ ಎಣ್ಣೆ ಸವರಿದಂತೆ ಮಿರುಗುತ್ತದೆ, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ದನ ಕುರಿ ಅದಕ್ಕೆ ಬಾಯಿ ಹಾಕುವುದು ಅಪರೂಪ, ಅದಕ್ಕೇ ಬೇಲಿಗೆ ಬಳಸುತ್ತಾರೆ. ಆ ಅಂಟಿನಲ್ಲಿ ಮೀಥೈಲ್ ಅಂಟಿದ ಫ್ಲೇವನಾಯ್ಡ್‌ಗಳಿವೆ. ಅವುಗಳಲ್ಲೊಂದಾದ ಸ್ಯಾಂಟಿನ್‌ಗೆ ಮೂರು, ಆರು ಮತ್ತು ಆಚೆ ಉಂಗುರದ ನಾಲ್ಕನೆಯ ಜಾಗದಲ್ಲಿ ಮೀಥೈಲ್. ಕಾಮಕಸ್ತೂರಿಯ ಸಾಲ್ವಿಜೆನಿನ್‌ಗೆ ಆರು, ಏಳು ಮತ್ತು ಅದೇ ನಾಲ್ಕರಲ್ಲಿ. ಬಂದರೆ ಅಂಟುವಾಳದ ಕುಟುಂಬದ್ದು, ಕಾಮಕಸ್ತೂರಿ ತುಂಬೆಯ ಕುಟುಂಬದ್ದು. ನೆಂಟಸ್ತಿಕೆ ಬಹಳ ದೂರದ್ದು. ಆದರೂ ಎರಡೂ ಹೆಚ್ಚುಕಡಿಮೆ ಒಂದೇ ಉಪಾಯಕ್ಕೆ ಬಂದು ಮುಟ್ಟಿವೆ. ಬಂದರೆಗೆ ತುಳಸಿಯ ಘಮವಿಲ್ಲ, ಅದನ್ನು ಯಾರೂ ಮಾಲೆಗೆ ಕಟ್ಟುವುದಿಲ್ಲ. ಘಮವನ್ನೇ ಅಳತೆಗೋಲು ಮಾಡಿಕೊಂಡವರ ಕಣ್ಣಿಗೆ ಈ ಗಿಡ ಬೀಳುವುದೇ ಇಲ್ಲ.

ಇನ್ನು ಎರಡನೆಯ ಕೊಂಡಿ, ಫ್ಲೇವನಾಯ್ಡ್ ಎಂದರೆ ಆರೋಗ್ಯ ಎಂಬುದು. ಇದಕ್ಕೆ ತೊಂಬತ್ತು ವರ್ಷದ ಇತಿಹಾಸವಿದೆ. 1936ರಲ್ಲಿ ನೊಬೆಲ್ ಪುರಸ್ಕೃತ ವಿಜ್ಞಾನಿ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಮತ್ತು ಸಂಗಡಿಗರು ಫ್ಲೇವನಾಯ್ಡ್‌ಗಳನ್ನು 'ವಿಟಮಿನ್ ಪಿ' ಎಂದು ಕರೆದರು. ಅವು ಇಲ್ಲದಿದ್ದರೆ ಬರುವ ಕಾಯಿಲೆ ಯಾವುದೆಂದು ತೋರಿಸಲಾಗದೆ ಆ ಹೆಸರು ಬಿದ್ದುಹೋಯಿತು. ಆಮೇಲೆ ಬಂದದ್ದು ಆಂಟಿಆಕ್ಸಿಡೆಂಟ್ ಮಾತು. ಗಾಜಿನ ನಳಿಕೆಯಲ್ಲಿ ಅದು ನಿಜ. ದೇಹದಲ್ಲಿ ನಡೆಯುವುದು ಬೇರೆ. ಫ್ಲೇವನಾಯ್ಡ್ ಕರುಳಿನ ಗೋಡೆ ದಾಟುವಾಗಲೇ ನಮ್ಮ ದೇಹದ ಕಿಣ್ವಗಳು ಅದಕ್ಕೆ ಬೇರೆ ಗುಂಪುಗಳನ್ನು ಅಂಟಿಸಿ ಹೊರಗೆ ಕಳಿಸಲು ತೊಡಗುತ್ತವೆ. ರಕ್ತಕ್ಕೆ ಸೇರುವುದು ಅತ್ಯಲ್ಪ. ಅಮೆರಿಕದ ಲೈನಸ್ ಪಾಲಿಂಗ್ ಸಂಸ್ಥೆಯ ಲೋಟಿಟೊ ಮತ್ತು ಫ್ರೈ 2006ರಲ್ಲಿ ಈ ವಿಷಯದ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಫ್ಲೇವನಾಯ್ಡ್ ಹೆಚ್ಚಿರುವ ಆಹಾರ ತಿಂದ ಮೇಲೆ ರಕ್ತದ ಆಂಟಿಆಕ್ಸಿಡೆಂಟ್ ಶಕ್ತಿ ಏರುವುದಕ್ಕೆ ಬಹುಮಟ್ಟಿಗೆ ಕಾರಣ ಫ್ಲೇವನಾಯ್ಡ್ ಅಲ್ಲ, ಯೂರಿಕ್ ಆಮ್ಲ ಎಂಬುದು ಅವರ ತೀರ್ಮಾನ. ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಪಟ್ಟಿಯನ್ನು ಪ್ರಕಟಿಸುತ್ತಿದ್ದ ಅಮೆರಿಕದ ಕೃಷಿ ಇಲಾಖೆ, ಆ ಅಂಕಗಳಿಗೂ ಆರೋಗ್ಯಕ್ಕೂ ಸಂಬಂಧ ಸಾಬೀತಾಗಿಲ್ಲವೆಂದು 2012ರಲ್ಲಿ ಅದನ್ನು ತೆಗೆದುಹಾಕಿತು. ಅಂಕಪಟ್ಟಿ ಹೋಯಿತು, ಪೊಟ್ಟಣದ ಮೇಲಿನ ಅಕ್ಷರ ಮಾತ್ರ ಉಳಿದಿದೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕಿಂತ ಬಲವಾದ ಉದಾಹರಣೆ ಇದೆ. ಹೊಳಲ್ಕೆರೆಯ ಅಡಿಕೆ ತೋಟದವರ ಮನಸ್ಸಿಗೆ ನೋವಾಗಬಾರದು, ಆದರೆ ಹೇಳದೆ ದಾಟುವಂತಿಲ್ಲ. ಹಸಿ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಚೊಗರು ಇದೆಯಲ್ಲ, ಅದರ ಬಹುಪಾಲು ಫ್ಲೇವನಾಯ್ಡ್ ಕುಲದ ಕ್ಯಾಟೆಚಿನ್ ಮತ್ತು ಅವು ಒಂದಕ್ಕೊಂದು ಕೂಡಿ ಆದ ಟ್ಯಾನಿನ್. ಫ್ಲೇವನಾಯ್ಡ್ ಲೆಕ್ಕದಲ್ಲಿ ಅಡಿಕೆ ಯಾವ ತುಳಸಿಗೂ ಕಡಿಮೆಯಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೆ ಅರೆಕೋಲಿನ್‌ನಂಥ ಬೇರೆ ಕಾರಣಗಳೂ ಇವೆ, ನಿಜ. ಆದರೆ ಸುಣ್ಣದ ಜೊತೆ ಅಗಿದಾಗ, ಆ ಕ್ಷಾರದಲ್ಲಿ ಇದೇ ಕ್ಯಾಟೆಚಿನ್‌ಗಳು ತಾವೇ ಉತ್ಕರ್ಷಣೆಗೊಂಡು ಹೈಡ್ರೋಜನ್ ಪೆರಾಕ್ಸೈಡ್‌ನಂಥ ಕೆರಳುವ ಪದಾರ್ಥಗಳನ್ನು ಹುಟ್ಟಿಸುತ್ತವೆ. ರಕ್ಷಿಸಬೇಕಾದ್ದೇ ಬಾಯಿಯ ಒಳಚರ್ಮವನ್ನು ಸುಡತೊಡಗುತ್ತದೆ. ಫ್ಲೇವನಾಯ್ಡ್ ಇದೆ, ಆದ್ದರಿಂದ ಒಳ್ಳೆಯದು ಎನ್ನುವವರು ಈ ಒಂದು ಉದಾಹರಣೆಗೆ ಉತ್ತರ ಹುಡುಕಬೇಕಾಗುತ್ತದೆ.

ಹಾಗಾದರೆ ತುಳಸಿ, ಕಾಮಕಸ್ತೂರಿಯಿಂದ ಪ್ರಯೋಜನವೇ ಇಲ್ಲವೇ? ನಾನು ಹಾಗೆ ಹೇಳುತ್ತಿಲ್ಲ. ಹಳೆಯ ರೂಢಿಯ ಪರವಾಗಿ ನನ್ನ ಹತ್ತಿರ ಇರುವ ಬಲವಾದ ಸಾಕ್ಷಿಯೂ ಕಿಣ್ವಗಳಿಂದಲೇ ಬರುತ್ತದೆ. ಕಾಮಕಸ್ತೂರಿಯ ಅನೇಕ ತಳಿಗಳ ಘಮಕ್ಕೆ ಕಾರಣವಾದ ಎಸ್ಟ್ರಗೋಲ್ ಎಂಬ ಪದಾರ್ಥ ಹೆಚ್ಚಿನ ಪ್ರಮಾಣದಲ್ಲಿ ಇಲಿಗಳ ಪಿತ್ತಜನಕಾಂಗದಲ್ಲಿ ಗಡ್ಡೆ ಬರಿಸುತ್ತದೆ. ಬರಿಸುವುದು ಅದು ಇದ್ದಂತೆಯೇ ಅಲ್ಲ. ಪಿತ್ತಜನಕಾಂಗದ ಒಂದು ಕಿಣ್ವ ಅದಕ್ಕೆ ಸಲ್ಫೇಟ್ ಗುಂಪು ಅಂಟಿಸಿದ ಮೇಲೆ. ನೆದರ್ಲೆಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು ಆ ಕಿಣ್ವವನ್ನು ತಡೆಯುವ ಪದಾರ್ಥವೊಂದು ಕಾಮಕಸ್ತೂರಿಯ ಎಲೆಯಲ್ಲೇ ಇದೆ ಎಂದು ಗುರುತಿಸಿ 2010ರಲ್ಲಿ ಪ್ರಕಟಿಸಿದರು. ಆ ಪದಾರ್ಥ ನೆವಡೆನ್ಸಿನ್, ಏಳರ ಮೀಥೈಲ್ ಹಾಕಿ ತೆಗೆದು ಗಿಡ ಕಟ್ಟಿದ ಅದೇ ಫ್ಲೇವೋನ್. ಎಲೆಯನ್ನು ಎಲೆಯಾಗಿ ಬಳಸಿದರೆ ಘಮವೂ ಅದರ ಕಡಿವಾಣವೂ ಒಟ್ಟಿಗೆ ಬರುತ್ತವೆ. ಹಬೆಯಲ್ಲಿ ಎಣ್ಣೆ ಇಳಿಸಿದರೆ ಹಾರುವ ಘಮ ಮಾತ್ರ ಬಾಟಲಿಗೆ ಬೀಳುತ್ತದೆ, ಹಾರದ ಫ್ಲೇವೋನ್ ಹಿಪ್ಪೆಯಲ್ಲಿ ಉಳಿಯುತ್ತದೆ. ಮನುಷ್ಯರಲ್ಲಿ ಇದು ಎಷ್ಟು ನಡೆಯುತ್ತದೆಂದು ಇಲಿಯ ಪ್ರಯೋಗದಿಂದ ಹೇಳಲಾಗದು. ಆದರೆ 'ಘಮವೇ ಸತ್ವ' ಎಂದು ಎಣ್ಣೆಯ ಹನಿಗಳನ್ನು ನೀರಿಗೆ ಹಾಕಿಕೊಂಡು ಕುಡಿಯುವವರು ಈ ವ್ಯತ್ಯಾಸವನ್ನು ತಿಳಿದಿರಲೇಬೇಕು. ಒಂದೆರಡು ಎಲೆ ಅಗಿಯುವುದು, ಕಷಾಯಕ್ಕೆ ಹಾಕುವುದು ಬೇರೆ. ಇಳಿಸಿದ ಎಣ್ಣೆ ಬೇರೆ.

ಕೊನೆಯದಾಗಿ ನಮ್ಮ ಬಿಸಿಲಿನ ಹೆಮ್ಮೆ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಜಿಲ್ಲೆ ನಮ್ಮದು. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ, ನೀರು ಸಾಲದಾದಾಗ ಎಷ್ಟೋ ಗಿಡಗಳು ಹೆಚ್ಚು ಫ್ಲೇವನಾಯ್ಡ್ ತಯಾರಿಸುತ್ತವೆ. ಎಲೆಗೆ ಅದು ಕೊಡೆಯ ಕೆಲಸ ಮಾಡುತ್ತದೆ. ಈ ಮಾತಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಆದರೆ ಬಿಸಿಲು ಇರುವ ಕಿಣ್ವವನ್ನು ದುಡಿಸಬಲ್ಲದೇ ಹೊರತು ಇಲ್ಲದ ಕಿಣ್ವವನ್ನು ಹುಟ್ಟಿಸಲಾರದು. ಎಂಟನೆಯ ಜಾಗದ ಕಿಣ್ವ ಇಲ್ಲದ ತಳಿಯನ್ನು ಹಿರಿಯೂರಿನ ಬಿಸಿಲಲ್ಲಿ ಎಷ್ಟು ಒಣಗಿಸಿದರೂ ನೆವಡೆನ್ಸಿನ್ ಬರುವುದಿಲ್ಲ. ನೆಲದ ಗುಣಕ್ಕಿಂತ ಮೊದಲು ಕೇಳಬೇಕಾದ್ದು ಬೀಜದ ಗುಣ.

ಬೀಜದ ವಿಷಯದಲ್ಲೇ ನಾವು ಅಸಡ್ಡೆ ಮಾಡಿದ್ದೇವೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ವಿಜ್ಞಾನಿಗಳು 2015ರಲ್ಲೇ ಕೃಷ್ಣತುಳಸಿಯ ಜೀನೋಮ್ ಓದಿ ಮುಗಿಸಿದ್ದಾರೆ. ಅದೇ ವರ್ಷ ಲಖನೌದ ಸಿಮ್ಯಾಪ್ ಸಂಸ್ಥೆಯೂ ತುಳಸಿಯ ಜೀನೋಮ್ ಪ್ರಕಟಿಸಿತು. ಅಷ್ಟು ಜ್ಞಾನ ನಮ್ಮ ರಾಜ್ಯದಲ್ಲೇ ಇರುವಾಗ, ಇಲ್ಲಿ ತುಳಸಿ ಬೆಳೆಯುವ ರೈತನಿಗೆ ತನ್ನ ಹೊಲದಲ್ಲಿರುವುದು ಯಾವ ತಳಿ ಎಂದು ಹೇಳುವವರಿಲ್ಲ. ಕೃಷ್ಣತುಳಸಿ, ರಾಮತುಳಸಿ ಅಕ್ಕಪಕ್ಕ ಬೆಳೆದರೆ ಜೇನು ಪರಾಗವನ್ನು ಅದರಿಂದ ಇದಕ್ಕೆ ಸಾಗಿಸುತ್ತದೆ. ಆ ಬೀಜ ಮುಂದಿನ ವರ್ಷ ಬಿತ್ತಿದರೆ ಬರುವುದು ಬೆರಕೆ ಸಾಲು. ಉಪಾಯ ಕಷ್ಟದ್ದಲ್ಲ. ತುಳಸಿಯಾಗಲಿ ಕಾಮಕಸ್ತೂರಿಯಾಗಲಿ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ. ಕಡ್ಡಿಯಿಂದ ಎದ್ದ ಗಿಡದಲ್ಲಿ ತಾಯಿಗಿಡದ್ದೇ ಕಿಣ್ವಗಳು. ಹಿರಿಯೂರಿನಲ್ಲಿ ತೋಟಗಾರಿಕೆ ಕಾಲೇಜಿದೆ, ಬಬ್ಬೂರು ಫಾರಂನಲ್ಲಿ ಸಂಶೋಧನಾ ಕೇಂದ್ರವಿದೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನ ಅಂಗಳಗಳಿಂದ, ಬದುಗಳಿಂದ ಗಿಡಗಳನ್ನು ಆರಿಸಿ, ಎಲೆಯಲ್ಲಿ ಯಾವ ಫ್ಲೇವೋನ್ ಎಷ್ಟಿದೆ ಎಂದು ಒಮ್ಮೆ ಅಳೆದು, ಬೇಕಾದದ್ದರ ಕಡ್ಡಿಗಳನ್ನು ರೈತರಿಗೆ ಕೊಡುವ ಕೆಲಸ ಇಂಥ ಕಡೆ ಆಗಬೇಕು. ಆಗ ನಮ್ಮ ಮಹಿಳಾ ಸಂಘದ ಪೊಟ್ಟಣದ ಮೇಲೆ 'ಫ್ಲೇವನಾಯ್ಡ್ ಸಮೃದ್ಧ' ಎಂಬ ಎರವಲು ಮಾತು ಬೇಕಾಗುವುದಿಲ್ಲ. ಯಾವ ತಳಿ, ಕುಡಿ ಎಲೆಯೋ ಬಲಿತದ್ದೋ, ಯಾವ ತಿಂಗಳು ಕೊಯ್ದದ್ದು, ನೆರಳಲ್ಲಿ ಒಣಗಿಸಿದ್ದೋ ಬಿಸಿಲಲ್ಲೋ, ಅಳೆದಾಗ ಸಿಕ್ಕ ಪದಾರ್ಥ ಯಾವುದು ಎಂಬ ಐದು ಸಾಲು ಸಾಕು. ಕೊಳ್ಳುವವರಾಗಿ ನಾವೂ ಎಲೆಯನ್ನು ಮೂಗಿಗೆ ಹಿಡಿದು ತೀರ್ಪು ಕೊಡುವುದನ್ನು ಬಿಟ್ಟು, ಈ ಐದನ್ನು ಅಂಗಡಿಯವರ ಹತ್ತಿರ ಕೇಳಲು ತೊಡಗಬೇಕು.